ಅಂಪೈರ್ ಉತ್ತರಿಸುತ್ತಾರೆ: ಚೆಂಡು ಗ್ಲವ್ ಮುಟ್ಟಿದಾಗ ಕಾಲು ಎಲ್ಲಿತ್ತು?

ಪ್ರಶ್ನೆ: ಮಗಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದೇನೆ. ಶನಿವಾರ ಮೊಮ್ಮಗನ ಬೇಸ್‌ಬಾಲ್ ಪಂದ್ಯವಿತ್ತು. ಅವನು ಮೂರನೇ ಬೇಸಿನಲ್ಲಿದ್ದ. ಇನ್ನೊಬ್ಬ ಹುಡುಗ ಎತ್ತರಕ್ಕೆ ಹೊಡೆದ, ಬಲಗಡೆ ದೂರದಲ್ಲಿ ಕ್ಯಾಚ್ ಆಯಿತು. ಇವನು ಓಡಿಬಂದು ಹೋಮ್ ಪ್ಲೇಟ್ ಮುಟ್ಟಿದ, ಅದನ್ನು ಮುಟ್ಟಿದರೆ ಒಂದು ರನ್ ಅಂತೆ. ಅಂಪೈರ್ ಏನೂ ಹೇಳಲಿಲ್ಲ, ನಾವೆಲ್ಲ ಚಪ್ಪಾಳೆ ತಟ್ಟಿದೆವು. ಸ್ವಲ್ಪ ಹೊತ್ತಿಗೆ ಪಿಚರ್ (ನಮ್ಮ ಬೌಲರ್ ಇದ್ದ ಹಾಗೆ) ಮೂರನೇ ಬೇಸಿಗೆ ಚೆಂಡು ಎಸೆದ, ಅಂಪೈರ್ ಔಟ್ ಅಂದುಬಿಟ್ಟರು! ಮಗು ಅತ್ತಿತು. ತಪ್ಪು ಕಂಡಿದ್ದರೆ ಆಗಲೇ ಹೇಳಬಾರದಿತ್ತೇ? ಅಷ್ಟು ದೂರದ ಕ್ಯಾಚನ್ನೂ ಇಲ್ಲಿಯ ಕಾಲನ್ನೂ ಒಬ್ಬರೇ ಒಟ್ಟಿಗೆ ನೋಡುವುದಾದರೂ ಹೇಗೆ?
– ತೀರ್ಥಹಳ್ಳಿಯ ಅಜ್ಜಿ

ಅಮ್ಮಾ, ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ. ನಾನು ಮೈಸೂರಿನಲ್ಲಿ ಕಾಲೇಜು ಓದುವಾಗ ಕ್ಲಬ್ ಕ್ರಿಕೆಟ್‌ಗೆ ಅಂಪೈರ್ ಆಗಿ ನಿಲ್ಲುತ್ತಿದ್ದವನು. ಸ್ಯಾನ್ ಹೋಸೆಗೆ ಬಂದ ಮೇಲೆ ಹನ್ನೆರಡು ವರ್ಷಗಳಿಂದ ವಾರಾಂತ್ಯದಲ್ಲಿ ಮಕ್ಕಳ ಬೇಸ್‌ಬಾಲ್‌ಗೆ ನಿಲ್ಲುತ್ತಿದ್ದೇನೆ. ನೀವು ಕೇಳಿದ್ದು ನನ್ನ ಕೆಲಸದ ಅತ್ಯಂತ ಕಷ್ಟದ ಭಾಗ.

ನಿಯಮ ಇಷ್ಟೇ: ಹೊಡೆದ ಚೆಂಡು ನೆಲಕ್ಕೆ ಬೀಳದೆ ಕ್ಯಾಚ್ ಆದರೆ ಹೊಡೆದವನು ಔಟ್. ಬೇಸಿನಲ್ಲಿರುವ ಓಟಗಾರ ಮುಂದಕ್ಕೆ ಓಡಬಹುದು, ಆದರೆ ಫೀಲ್ಡರ್ ಚೆಂಡು ಮುಟ್ಟಿದ ಮೇಲೆ, ಬೇಸಿಗೆ ಕಾಲು ತಾಗಿಸಿಕೊಂಡೇ ಹೊರಡಬೇಕು. ಇದನ್ನೇ ಟ್ಯಾಗ್ ಅಪ್ ಅನ್ನುವುದು.

ಚೆಂಡು ಮೇಲೆ ಹೋದಾಗ ಎಲ್ಲರ ಕತ್ತೂ ಮೇಲಕ್ಕೆ ಹೋಗುತ್ತದೆ. ಅಂಪೈರನ ಕತ್ತು ಹೋಗಬಾರದು. ಮಕ್ಕಳ ಪಂದ್ಯದಲ್ಲಿ ಸಾಮಾನ್ಯವಾಗಿ ಇಬ್ಬರೇ ಅಂಪೈರ್‌ಗಳು, ಮೂರನೇ ಬೇಸಿನ ಓಟಗಾರ ಹೋಮ್ ಪ್ಲೇಟಿನ ಅಂಪೈರ್ ಪಾಲಿಗೆ ಬರುತ್ತಾನೆ. ನಾನು ಪ್ಲೇಟ್ ಬಿಟ್ಟು ಮೂರನೇ ಬೇಸಿನ ಕಡೆ ಗೆರೆಯಾಚೆಗೆ ಸರಿಯುತ್ತೇನೆ. ಚೆಂಡು ಬಲಗಡೆ ಹೋಗಿದ್ದರೆ ಇನ್ನಷ್ಟು ಮುಂದೆ ಹೋಗುತ್ತೇನೆ. ಬೇಸೂ ಫೀಲ್ಡರನೂ ಒಂದೇ ನೇರಕ್ಕೆ ಬರುವ ಜಾಗ ಹುಡುಕಬೇಕು. ಆಗ ಹತ್ತಿರದಲ್ಲಿ ಹುಡುಗನ ಶೂ ದೊಡ್ಡದಾಗಿ ಕಾಣುತ್ತದೆ, ಅದರ ಹಿಂದೆ ದೂರದಲ್ಲಿ ಗ್ಲವ್ ಚಿಕ್ಕದಾಗಿ. ತಲೆ ಅತ್ತಿತ್ತ ತಿರುಗಿಸುವ ಪ್ರಮೇಯವೇ ಇಲ್ಲ. ಹುಡುಗನ ಹಿಮ್ಮಡಿ ಅಷ್ಟು ಹೊತ್ತಿಗಾಗಲೇ ಎದ್ದಿರುತ್ತದೆ, ಅದು ತಪ್ಪಲ್ಲ. ನೋಡಬೇಕಾದದ್ದು ಬೆರಳ ತುದಿಯನ್ನು. ಬೇಸಿನ ಅಂಚಿಗೆ ಒತ್ತಿಕೊಂಡ ತುದಿಗೂ ಬೇಸಿಗೂ ನಡುವೆ ಬೆಳಕು ಕಂಡಾಗ ಚೆಂಡು ಗ್ಲವ್ ಸೇರಿತ್ತೋ ಇಲ್ಲವೋ? ಪ್ರಶ್ನೆ ಅದೊಂದೇ.

ಗ್ಲವ್‌ಗೆ ಚೆಂಡು ಬಿದ್ದ ಸದ್ದನ್ನು ನಂಬಬಾರದು. ಫೀಲ್ಡರ್ ಇನ್ನೂರು ಅಡಿ ದೂರವಿದ್ದರೆ ಆ ‘ಟಪ್’ ನಮಗೆ ತಲುಪಲು ಸೆಕೆಂಡಿನ ಆರನೇ ಒಂದು ಭಾಗದಷ್ಟು ಹಿಡಿಯುತ್ತದೆ. ಸರಿಯಾದ ಗಳಿಗೆಯಲ್ಲಿ ಹೊರಟ ಹುಡುಗನೂ ಕಿವಿಯ ಲೆಕ್ಕದಲ್ಲಿ ಬೇಗ ಹೊರಟಂತೆ ಅನ್ನಿಸುತ್ತಾನೆ. ಬೆಂಚಿನಲ್ಲಿ ಕೂತ ಅಪ್ಪ ಅಮ್ಮಂದಿರ ಕೂಗಾಟಕ್ಕೆ ಎಷ್ಟೋ ಸಲ ಇದೇ ಕಾರಣ.

ಮೊದಲ ವರ್ಷ ನಾನೂ ಚೆಂಡನ್ನೇ ನೋಡುತ್ತಾ ನಿಂತಿದ್ದೆ. ಮೂರನೇ ಬೇಸ್ ಕಾಯುತ್ತಿದ್ದ ಫೀಲ್ಡರ್ ಹುಡುಗ, ಹತ್ತು ವರ್ಷದವನಿರಬೇಕು, ಚೆಂಡು ಹಿಡಿದು ಬೇಸ್ ತುಳಿದು ‘ಬೇಗ ಹೊರಟ’ ಅಂದ. ನಾನು ಕಾಲು ನೋಡಿರಲಿಲ್ಲ. ಕಣ್ಣಾರೆ ಕಾಣದ್ದಕ್ಕೆ ಔಟ್ ಕೊಡುವಂತಿಲ್ಲ, ಸೇಫ್ ಅಂದೆ. ಅವನು ಕಂಡಿದ್ದ. ಎದುರು ಮಾತಾಡದೆ ಚೆಂಡನ್ನು ಪಿಚರಿಗೆ ವಾಪಸ್ ಎಸೆದ. ಆ ಮುಖ ಇನ್ನೂ ನನ್ನ ಕಣ್ಣಲ್ಲಿದೆ.

ಇನ್ನು ಅಂಪೈರ್ ಯಾಕೆ ಸುಮ್ಮನಿದ್ದರು ಅನ್ನುವುದು. ಅವರು ಸುಮ್ಮನಿರಲೇಬೇಕಿತ್ತು. ಬೇಗ ಹೊರಟ ಓಟಗಾರ ತಾನಾಗಿ ಔಟ್ ಆಗುವುದಿಲ್ಲ. ಎದುರು ತಂಡ ಚೆಂಡು ಹಿಡಿದು ಆ ಬೇಸ್ ಮುಟ್ಟಿ, ಅಥವಾ ಓಟಗಾರನನ್ನೇ ಚೆಂಡಿನಿಂದ ಮುಟ್ಟಿ, ಅಪೀಲ್ ಮಾಡಬೇಕು, ಅದೂ ಪಿಚರ್ ಮುಂದಿನ ಚೆಂಡು ಎಸೆಯುವ ಮೊದಲು. ನಮ್ಮ ಕ್ರಿಕೆಟ್‌ನಲ್ಲೂ ಹೀಗೇ ಅಲ್ಲವೇ? ಫೀಲ್ಡರ್‌ಗಳು ಕೇಳದೆ ಅಂಪೈರ್ ಔಟ್ ಕೊಡುವಂತಿಲ್ಲ, ಬೌಲರ್ ಮುಂದಿನ ಎಸೆತಕ್ಕೆ ಓಟ ಶುರುಮಾಡಿದರೆ ಕೇಳುವ ಹಕ್ಕೂ ಹೋಯಿತು. ಮುಖದಲ್ಲಿ, ಕಣ್ಣಿನಲ್ಲಿ ಕೂಡ ಸುಳಿವು ಬಿಟ್ಟುಕೊಡಬಾರದು. ಬಿಟ್ಟುಕೊಟ್ಟರೆ ಅಂಪೈರ್ ಒಂದು ತಂಡದ ಪರ ಆಡಿದ ಹಾಗೆ. ನೀವು ಕಂಡ ಪಿಚರನ ಎಸೆತವೇ ಆ ಅಪೀಲ್.

ಕೇಳದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 2009ರ ಏಪ್ರಿಲ್‌ನಲ್ಲಿ ಫೀನಿಕ್ಸ್‌ನಲ್ಲಿ ನಡೆದದ್ದನ್ನು ನಾನು ಹೊಸ ಅಂಪೈರ್‌ಗಳಿಗೆಲ್ಲ ಹೇಳುತ್ತೇನೆ. ಡಾಡ್ಜರ್ಸ್ ತಂಡದ ಬ್ಯಾಟಿಂಗ್, ಒಬ್ಬ ಔಟ್. ಮೂರನೇ ಬೇಸಿನಲ್ಲಿ ಆಂಡ್ರೆ ಈಥಿಯರ್, ಎರಡನೆಯದರಲ್ಲಿ ಹುವಾನ್ ಪಿಯೆರ್. ರ‍್ಯಾಂಡಿ ವುಲ್ಫ್ ನೇರವಾಗಿ ಹೊಡೆದದ್ದನ್ನು ಎದುರಾಳಿ ಡೈಮಂಡ್‌ಬ್ಯಾಕ್ಸ್ ತಂಡದ ಪಿಚರ್ ಡ್ಯಾನ್ ಹ್ಯಾರೆನ್ ಹಿಡಿದ: ಎರಡನೇ ಔಟ್. ಓಟಗಾರರಿಬ್ಬರೂ ಆಗಲೇ ಬೇಸ್ ಬಿಟ್ಟಾಗಿತ್ತು. ಹ್ಯಾರೆನ್ ಚೆಂಡನ್ನು ಎರಡನೇ ಬೇಸಿನ ಫೀಲ್ಡರ್ ಫೆಲಿಪೆ ಲೋಪೆಜ್‌ಗೆ ಎಸೆದ. ಲೋಪೆಜ್ ಬೇಸ್ ತುಳಿಯುವ ಬದಲು ಪಿಯೆರ್ ಹತ್ತಿರ ಹೋಗಿ ಅವನನ್ನೇ ಮುಟ್ಟಿ ಮೂರನೇ ಔಟ್ ಮಾಡಿದ; ಮೂರು ಔಟ್ ಆದರೆ ಬ್ಯಾಟಿಂಗ್ ಸರದಿ ಮುಗಿದಂತೆ. ಅಷ್ಟರೊಳಗೆ ಈಥಿಯರ್ ಹೋಮ್ ಪ್ಲೇಟ್ ದಾಟಿದ್ದ. ಅವನು ಮೂರನೇ ಬೇಸಿಗೆ ಮರಳಿ ಕಾಲಿಟ್ಟಿರಲೇ ಇಲ್ಲ, ಇಡೀ ಕ್ರೀಡಾಂಗಣ ಅದನ್ನು ಕಂಡಿತ್ತು. ಮೂರು ಔಟ್ ಆದ ಮೇಲೂ ಅಲ್ಲಿಗೆ ಚೆಂಡು ಒಯ್ದು ಕೇಳಿದ್ದರೆ ಆ ನಾಲ್ಕನೇ ಔಟ್ ಸಿಕ್ಕು ರನ್ ಅಳಿಸಿಹೋಗುತ್ತಿತ್ತು. ಯಾರೂ ಕೇಳಲಿಲ್ಲ, ಎಲ್ಲರೂ ಡಗೌಟ್‌ಗೆ ನಡೆದರು. ಪಿಚರ್ ಮತ್ತು ಇನ್‌ಫೀಲ್ಡರ್‌ಗಳು (ಬೇಸ್‌ಗಳ ಹತ್ತಿರ ನಿಲ್ಲುವ ಫೀಲ್ಡರ್‌ಗಳು) ಮೈದಾನ ಬಿಟ್ಟ ಮೇಲೆ ಅಪೀಲ್ ಹಕ್ಕು ಮುಗಿಯಿತು. ರನ್ ಉಳಿಯಿತು.

ನಿಮ್ಮ ಮೊಮ್ಮಗ ಬೇಗ ಹೊರಟನೋ ಇಲ್ಲವೋ ಇಲ್ಲಿಂದ ನಾನು ಹೇಳಲಾರೆ. ಆದರೆ ಅವನಿಗೆ ಒಂದು ಮಾತು ಹೇಳಿ: ಬೇಸ್ ಮೇಲೆ ನಿಂತಾಗ ಕೋಚ್ ‘ಗೋ’ ಅನ್ನುವುದನ್ನಷ್ಟೇ ಕಾಯದೆ ತಾನೇ ಗ್ಲವ್ ನೋಡಲಿ.

ಪ್ರಶ್ನೆ: ಫೀಲ್ಡರ್ ಕೈಯಿಂದ ಚೆಂಡು ಪುಟಿದು, ಎರಡು ಮೂರು ಸಲ ತಡಕಾಡಿ ಕೊನೆಗೆ ಹಿಡಿದರೆ ಓಟಗಾರ ಯಾವಾಗ ಹೊರಡಬಹುದು?
– ಪಿಯುಸಿ ವಿದ್ಯಾರ್ಥಿ, ಹಾಸನ

ಮೊದಲ ಸಲ ಮುಟ್ಟಿದ ಕ್ಷಣವೇ. ಪೂರ್ತಿ ಹಿಡಿಯುವ ತನಕ ಕಾಯಬೇಕೆಂದಿದ್ದರೆ ಜಾಣ ಫೀಲ್ಡರ್ ಬೇಕೆಂದೇ ಚೆಂಡನ್ನು ಅಂಗೈಯಲ್ಲಿ ಕುಣಿಸುತ್ತಾ ಒಳಗೆ ಓಡಿಬಂದುಬಿಡುತ್ತಿದ್ದ. ಇನ್ನೊಂದು ವಿಷಯ: ಬೇಸಿನ ಹಿಂದೆ ನಾಲ್ಕು ಹೆಜ್ಜೆ ನಿಂತು, ಓಡುತ್ತಾ ಬಂದು, ಕ್ಯಾಚ್ ಆದಾಗ ಸರಿಯಾಗಿ ಬೇಸ್ ತುಳಿದು ಹಾರಿಹೋಗುವಂತಿಲ್ಲ. ಅಪೀಲ್ ಆದರೆ ಅದೂ ಔಟೇ.

ಪ್ರಶ್ನೆ: ಇದನ್ನು ಕ್ಯಾಮೆರಾದಲ್ಲಿ ನೋಡಿ ತೀರ್ಮಾನಿಸಬಹುದಲ್ಲವೇ?
– ಓದುಗರು, ದಾವಣಗೆರೆ

ಅಮೆರಿಕದ ವೃತ್ತಿಪರ ಬೇಸ್‌ಬಾಲ್ ಆದ ಮೇಜರ್ ಲೀಗ್‌ನಲ್ಲಿ 2015ರಿಂದ ಟ್ಯಾಗ್ ಅಪ್ ಕೂಡ ರೀಪ್ಲೇಗೆ ಸೇರಿದೆ. ನ್ಯೂಯಾರ್ಕ್‌ನಲ್ಲಿ ಕೂತ ಅಂಪೈರ್‌ಗಳು ವಿಡಿಯೋ ನೋಡಿ ಹೇಳುತ್ತಾರೆ. ಕಾಲನ್ನು ತೋರಿಸುವ ಕ್ಯಾಮೆರಾ ಒಂದು, ಗ್ಲವ್ ತೋರಿಸುವುದು ಇನ್ನೊಂದು; ಎರಡರ ಕ್ಷಣವೂ ಹೊಂದಬೇಕು. ಸ್ಪಷ್ಟವಾಗಿ ಕಾಣದಿದ್ದರೆ ಮೈದಾನದ ತೀರ್ಪೇ ನಿಲ್ಲುತ್ತದೆ. ಅಲ್ಲೂ ಫೀಲ್ಡಿಂಗ್ ತಂಡ ಮೊದಲು ಬೇಸ್ ಮುಟ್ಟಿ ಅಪೀಲ್ ಮಾಡಿರಲೇಬೇಕು.