ಬಹಿಷ್ಕಾರಕ್ಕೆ ಕಾನೂನು ಕೇಳೋ ಉದಾರವಾದಿ ಇಬ್ಬಗೆಯವನಾ?

ಸರ್ಕಾರ ನಮ್ಮ ಬದುಕಿಗೆ ಕೈ ಹಾಕಬಾರದು ಅನ್ನೋ ಉದಾರವಾದಿಗಳು, ಜಾತಿ ಪಂಚಾಯಿತಿ ಯಾರಿಗೋ ಬಹಿಷ್ಕಾರ ಹಾಕಿದ ಕೂಡಲೇ ಕಾನೂನು ತನ್ನಿ ಅಂತಾರೆ, ಇದು ಇಬ್ಬಗೆ ಅಲ್ವಾ ಅಂತ ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ.

ಉದಾರವಾದದ ಮೂಲಪುರುಷ ಅನ್ನಿಸಿಕೊಂಡ ಇಂಗ್ಲೆಂಡಿನ ಚಿಂತಕ ಜಾನ್ ಲಾಕ್ 1689ರಲ್ಲಿ ಹೇಳಿದ್ದು ಇಷ್ಟು: ಜೀವ, ಸ್ವಾತಂತ್ರ್ಯ, ಆಸ್ತಿ ಇವು ಸರ್ಕಾರ ಕೊಟ್ಟದ್ದಲ್ಲ. ಇವನ್ನು ಕಾಯಲಿ ಅಂತ ಜನ ಒಪ್ಪಿ ಸರ್ಕಾರ ಮಾಡಿಕೊಂಡರು. ಇಷ್ಟೇ ಓದಿದರೆ ಹೆದರಬೇಕಾದ್ದು ಸರ್ಕಾರಕ್ಕೆ ಮಾತ್ರ ಅನ್ನಿಸುತ್ತೆ. 1859ರಲ್ಲಿ ಇನ್ನೊಬ್ಬ ಉದಾರವಾದಿ ಚಿಂತಕ ಜಾನ್ ಸ್ಟುವರ್ಟ್ ಮಿಲ್ ಇನ್ನೊಂದು ಕಡೆ ಬೊಟ್ಟು ಮಾಡಿದ: ಸಮಾಜದ ದಬ್ಬಾಳಿಕೆ ಎಷ್ಟೋ ಸಲ ಸರ್ಕಾರದ್ದಕ್ಕಿಂತ ಜಾಸ್ತಿ, ಯಾಕಂದರೆ ಅದರಿಂದ ತಪ್ಪಿಸಿಕೊಳ್ಳೋ ದಾರಿ ಕಮ್ಮಿ. ಅವನು ಬರೆದದ್ದು ಇಂಗ್ಲೆಂಡಿನವರಿಗೆ, ಆದರೆ ಮದುವೆಯಿಂದ ಹಿಡಿದು ಹೆಣ ಹೊರೋವರೆಗೆ ಜಾತಿಯವರನ್ನೇ ನೆಚ್ಚಿಕೊಂಡ ನಮಗೆ ಇನ್ನೂ ಚೆನ್ನಾಗಿ ಒಪ್ಪುತ್ತೆ.

ನಾನಿರೋ ಮುಂಬಯಿಯಲ್ಲೇ ಈ ಜಗಳ ಹಳೇದು. 1949ರಲ್ಲಿ ಆಗಿನ ಬಾಂಬೆ ಸರ್ಕಾರ ಬಹಿಷ್ಕಾರ ತಡೆಯೋ ಕಾನೂನು ತಂದಿತು. ಮುಸ್ಲಿಮರ ಒಂದು ಪಂಗಡವಾದ ದಾವೂದಿ ಬೊಹ್ರಾಗಳ ಧರ್ಮಗುರುಗಳು ಅದರ ವಿರುದ್ಧ ಕೋರ್ಟಿಗೆ ಹೋದರು. ಧರ್ಮದ ವ್ಯವಹಾರ ತಾವೇ ನೋಡಿಕೊಳ್ಳೋ ಹಕ್ಕು ಸಮುದಾಯಕ್ಕಿದೆ ಅಂತ 1962ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಐವರು ನ್ಯಾಯಮೂರ್ತಿಗಳಲ್ಲಿ ಒಪ್ಪದವರು ಒಬ್ಬರೇ, ಮುಖ್ಯ ನ್ಯಾಯಮೂರ್ತಿ ಸಿನ್ಹಾ. ಹೊರಗೆ ಹಾಕಿಸಿಕೊಂಡವನು ಅಸ್ಪೃಶ್ಯನ ಹಾಗೇ ಆಗಿಬಿಡುತ್ತಾನೆ ಅನ್ನೋದು ಅವರ ವಾದ. ನನ್ನ ಓಟು ಅವರಿಗೆ. ಕೊನೆಗೆ 2016ರಲ್ಲಿ ಮಹಾರಾಷ್ಟ್ರ ಸಾಮಾಜಿಕ ಬಹಿಷ್ಕಾರದ ವಿರುದ್ಧ ಹೊಸ ಕಾನೂನು ಮಾಡಿತು. 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಹಾಗಂತ ಜಾತಿ ಸಂಘ ಅಂದ ಕೂಡಲೇ ಕೆಟ್ಟದ್ದು ಅಂತಲ್ಲ. ಊರು ಬಿಟ್ಟು ಬಂದು ಹೋಟೆಲಲ್ಲಿ ತಟ್ಟೆ ತೊಳೆಯುತ್ತಿದ್ದ ಕನ್ನಡದ ಹುಡುಗರಿಗೆ ಇಲ್ಲಿ ರಾತ್ರಿ ಶಾಲೆ ನಡೆಸಿದವುಗಳಲ್ಲಿ ಅಂಥ ಸಂಘಗಳೂ ಇದ್ದವು. ಸೇರೋದು, ಚಂದಾ ಕೊಡೋದು, ಬೇಡ ಅಂದರೆ ಎದ್ದು ಹೋಗೋದು, ಇದಕ್ಕೆಲ್ಲ ಸರ್ಕಾರ ಯಾಕೆ? ಎದ್ದು ಹೋದವನ ಮಗಳ ಮದುವೆ ತಪ್ಪಿಸಿದಾಗ, ಅವನ ಅಂಗಡಿಗೆ ಯಾರೂ ಹೋಗಕೂಡದು ಅಂತ ಕಟ್ಟಪ್ಪಣೆ ಮಾಡಿದಾಗ ಮಾತ್ರ ಪೊಲೀಸರು ಬರಲಿ.

ಇದೇ ನೆಪದಲ್ಲಿ ಸರ್ಕಾರ ಅಡುಗೆಮನೆಗೂ ನುಗ್ಗಬಹುದಾ ಅಂದರೆ, ಇಲ್ಲ. ಬೇರೆ ರಾಜ್ಯದಲ್ಲಿ ಕಡಿದ ದನದ ಮಾಂಸ ಮನೆಯಲ್ಲಿಟ್ಟುಕೊಂಡರೂ ಅಪರಾಧ ಅನ್ನೋ ಮಹಾರಾಷ್ಟ್ರದ ಕಲಮನ್ನು ಅದೇ 2016ರಲ್ಲಿ ಬಾಂಬೆ ಹೈಕೋರ್ಟ್ ಹೊಡೆದುಹಾಕಿತು, ಖಾಸಗಿತನಕ್ಕೆ ಧಕ್ಕೆ ಅಂತ. ಆ ತೀರ್ಪೂ ನನಗೆ ಸರಿಯೇ.