ಪ್ರತಿಕ್ರಿಯೆ: ಖಾಲಿ ಬೆಟ್ಟಕ್ಕೆ ಅಕೇಶಿಯಾ ನೆಡಬಹುದಾ?

ಸಿದ್ದಾಪುರ ಕಡೆ ನಿಮ್ಮ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರೋ ಕಾಡು) ಬೋಳಾಗಿದೆ, ಅಕೇಶಿಯಾ ಹಾಕಿದ್ರೆ ಬೇಗ ಬೆಳೆದು ಕಾರ್ಬನ್ ಜಾಸ್ತಿ ಹೀರುತ್ತಲ್ವಾ ಅಂತ ಕೇಳಿದೀರಿ. ಬೇಗ ಬೆಳೆಯೋದೇನೋ ಹೌದು, ಆದ್ರೆ ಹತ್ತು ಹನ್ನೆರಡು ವರ್ಷಕ್ಕೆ ಕಡಿದು ಸೌದೆ ಮಾಡಿ ಉರಿಸಿದ್ರೆ ಹೀರಿದ್ದೆಲ್ಲಾ ವಾಪಸ್ ಗಾಳಿಗೇ ಹೋಯ್ತಲ್ಲ, ಅದರ ದರಕಿನ (ಉದುರಿದ ಒಣ ಎಲೆ) ಕೆಳಗೆ ಹುಲ್ಲೂ ಸರಿಯಾಗಿ ಏಳಲ್ಲ.

ಒಮ್ಮೆ ಕತ್ತಲೆಕಾನಿಗೆ ಹೋಗ್ಬನ್ನಿ, ನಿಮ್ಗೆ ಹತ್ರಾನೇ. ಅಲ್ಲಿ ರಾಮಪತ್ರೆ ಜಡ್ಡಿ, ಅಂದ್ರೆ ರಾಮಪತ್ರೆ ಜಾತಿ ಮರಗಳ ಜೌಗು ಕಾಡು ಇದೆ, ಕೆಸರಲ್ಲಿ ಬೇರುಗಳು ಮೊಣಕಾಲು ಮಡಚಿದ ಹಾಗೆ ಉಸಿರಿಗೆ ಮೇಲೆ ಬಂದಿರ್ತವೆ, ಬಿದ್ದ ಎಲೆ ಆ ನೀರಲ್ಲಿ ಬೇಗ ಕೊಳೆಯಲ್ಲ ಹಾಗಾಗಿ ಕಾರ್ಬನ್ ಮಣ್ಣಲ್ಲೇ ಉಳಿಯುತ್ತೆ, ಬೇಸಿಗೆಲೂ ಹಳ್ಳ ಹರೀತಿರುತ್ತೆ. 2000ರಲ್ಲಿ ಒಂದು ಹೊಸ ಮರಕ್ಕೆ ಆ ಊರಿನ ಹೆಸರನ್ನೇ ಇಟ್ರು, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ. ಇಂಥದ್ದನ್ನ ನರ್ಸರಿ ಗಿಡ ತಂದು ಮಾಡೋಕಾಗಲ್ಲ ಮಾರಾಯ್ರೆ.

ನಿಮ್ಮ ಬೆಟ್ಟಕ್ಕೆ ಬಂದ್ರೆ, ಮೊದ್ಲು ಬೇಲಿ ಹಾಕಿ ದನ ತಡೀರಿ, ಫೆಬ್ರವರಿ ಒಳಗೆ ಬೆಂಕಿ ಲೈನ್ (ಬೆಂಕಿ ದಾಟದ ಹಾಗೆ ಬೋಳು ಮಾಡಿದ ಪಟ್ಟಿ) ಮಾಡ್ಸಿ. ಕಡಿದ ಮತ್ತಿ, ಹೊನ್ನೆ ಬುಡ ಜೀವ ಇದ್ರೆ ತಾನೇ ಚಿಗುರುತ್ತೆ. ಸೊಪ್ಪು ಬೇಕಲ್ವಾ, ಕಡೀರಿ, ತುದಿ ಮಾತ್ರ ಬಿಡಿ. ಎರಡು ಮಳೆಗಾಲ ನೋಡಿ ಆಮೇಲೆ ಗ್ಯಾಪ್ ಇರೋ ಕಡೆ ಗಿಡ ಹಾಕಿ.