ಫೆಸೆಂಟ್ ಟೇಲ್ ನಿಂಫ್‌ಗೆ ಕಾಲು ಕಟ್ಟಬೇಕಾ?

ಇಂಗ್ಲೆಂಡಿನಲ್ಲಿ ಟ್ರೌಟ್ ಮೀನು ಹಿಡಿಯೋಕೆ, ನೀರಲ್ಲಿ ಬೆಳೆಯುವ ಮೇಫ್ಲೈ ಹುಳುವಿನ ಮರಿಯಂಥ ಫ್ಲೈ, ಅಂದರೆ ಹುಕ್ಕಿಗೆ ಗರಿ ಸುತ್ತಿದ ನಕಲಿ ಹುಳು, ಕಟ್ಟೋದು ಕಲಿಯುತ್ತಿದ್ದೀರಿ. ಫೆಸೆಂಟ್ ಹಕ್ಕಿಯ ಬಾಲದ ಗರಿಯಿಂದ ಕಟ್ಟುವ ಫೆಸೆಂಟ್ ಟೇಲ್ ನಿಂಫ್‌ನಲ್ಲಿ ಕಾಲೇ ಇಲ್ಲವಲ್ಲ, ಸೇರಿಸಲೇ ಅಂತ ಕೇಳಿದ್ದೀರಿ. ನಿಮ್ಮದು ಮೈ ದಪ್ಪ ಆಗ್ತಿದೆ ಅಂತಲೂ ಬರೆದಿದ್ದೀರಿ.

ಕಾಲು ಬೇಡ. ಇದನ್ನು ಮೊದಲು ಕಟ್ಟಿದ ಫ್ರಾಂಕ್ ಸಾಯರ್, ವಿಲ್ಟ್‌ಷೈರ್‌ನ ಏವನ್ ನದಿಯನ್ನು ಕಾಯುತ್ತಿದ್ದವರು. ಅಲ್ಲಿನ ನೀರು ಬಲು ತಿಳಿ. ಹುಳು, ಮೀನು ಎರಡನ್ನೂ ದಡದಿಂದಲೇ ನೋಡಬಹುದು. ಬೇಟಿಸ್ ಅನ್ನುವ ಜಾತಿಯ ಮೇಫ್ಲೈ ಮರಿಗಳು ಈಜುವಾಗ ಕಾಲನ್ನು ಮೈಗೆ ಒತ್ತಿಕೊಂಡು, ಹೊಟ್ಟೆ ಬಾಲ ಬಡಿದು ಚಿಮ್ಮುತ್ತವೆ. ಮೀನಿನ ಕಣ್ಣಿಗೆ ಬೀಳುವುದು ತೆಳ್ಳನೆ ಮೈ, ಉಬ್ಬಿದ ಎದೆ, ಬಾಲದ ಎಳೆ. ಸಾಯರ್ ಅಷ್ಟನ್ನೇ ಕಟ್ಟಿದರು.

ಇನ್ನು ದಪ್ಪದ ವಿಷಯ. ನೀವು ದಾರ ಬಳಸುತ್ತಿದ್ದೀರಿ ಅನ್ಸುತ್ತೆ. ಸಾಯರ್ ಬಳಸಲೇ ಇಲ್ಲ. ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯೇ ದಾರ, ಅದೇ ಭಾರ, ಅದೇ ಮೈಮೇಲಿನ ಗೆರೆ. 16ನೇ ನಂಬರಿನ ಹುಕ್ ತಗೊಳ್ಳಿ. ಮೊದಲು ತಂತಿಯನ್ನು ಹುಕ್ಕಿನ ಉದ್ದಕ್ಕೂ ಸುತ್ತಿ, ಎದೆಯ ಜಾಗದಲ್ಲಿ ಮಾತ್ರ ನಾಲ್ಕಾರು ಸುತ್ತು ಜಾಸ್ತಿ ಹಾಕಿ. ಗಂಡು ಫೆಸೆಂಟ್‌ನ ನಡುಬಾಲದ ಗರಿಯಿಂದ ನಾಲ್ಕು ಎಳೆ ಕೀಳಿ. ತುದಿಗಳು ಬಾಲವಾಗಿ ಹಿಂದೆ ಚಾಚಿರಲಿ, 3 ಮಿಲಿಮೀಟರ್ ಸಾಕು. ಈಗ ಎಳೆಗಳನ್ನು ತಂತಿಯ ಜೊತೆ ಹೊಸೆದು, ಒಟ್ಟಿಗೇ ಮುಂದಕ್ಕೆ ಸುತ್ತಿಕೊಂಡು ಹೋಗಿ. ಈ ಹೊಸೆಯುವುದೇ ಮುಖ್ಯ. ಬರೀ ಗರಿಯೆಳೆ ಟ್ರೌಟಿನ ಹಲ್ಲಿಗೆ ಬೇಗ ತುಂಡಾಗುತ್ತೆ, ತಂತಿ ಜೊತೆ ಸೇರಿದರೆ ಬಾಳುತ್ತೆ. ಹುಕ್ಕಿನ ಕಣ್ಣಿನ ಹತ್ತಿರ ಬಂದಾಗ ಎರಡನ್ನೂ ಬಿಡಿಸಿ, ಎಳೆಗಳನ್ನು ಎದೆಯ ಮೇಲೆ ಹಿಂದಕ್ಕೆ, ಮತ್ತೆ ಮುಂದಕ್ಕೆ ಮಡಚಿ, ಪ್ರತಿ ಸಲ ತಂತಿಯಿಂದ ಬಿಗಿಯಿರಿ. ರೆಕ್ಕೆ ಮೂಡುವ ಗೂಡು ಹೀಗೆ ಆಯ್ತು. ರೆಕ್ಕೆ ಬಂದು ನೀರಿನಿಂದ ಹೊರಡುವ ಹೊತ್ತಿಗೆ ನಿಜವಾದ ಮರಿಯಲ್ಲೂ ಅದು ಕಪ್ಪಾಗಿ ಉಬ್ಬಿರುತ್ತೆ.

ಅಮೆರಿಕದ ಆಲ್ ಟ್ರಾತ್ ನವಿಲುಗರಿಯ ಎದೆ, ಕಾಲು ಎಲ್ಲ ಸೇರಿಸಿ ಇನ್ನೊಂದು ಬಗೆ ಕಟ್ಟಿದರು. ಅದೂ ಚೆನ್ನಾಗಿ ಮೀನು ಹಿಡಿಯುತ್ತೆ. ಕಲ್ಲು ಹೊಳೆಯಲ್ಲಿ ಚಪ್ಪಟೆ ಮೈಯಿನ, ಕಲ್ಲಿಗೆ ಅಂಟಿಕೊಳ್ಳುವ ಮರಿಗಳಿರುತ್ತವೆ, ಅವಕ್ಕೆ ಕಾಲು ಕಟ್ಟಿದರೂ ಸರಿ. ನಿಮ್ಮ ನದಿಯ ನಾಲ್ಕು ಕಲ್ಲು ಮಗುಚಿ ನೋಡಿ, ಯಾವುದು ಅಂತ ಗೊತ್ತಾಗುತ್ತೆ. ನೋಡಿದ ಮೇಲೆ ಕಲ್ಲನ್ನು ಇದ್ದ ಹಾಗೇ ಇಡಿ.

ತಿಳಿನೀರಿನಲ್ಲಾದರೆ ನಾನು ಸಾಯರ್ ಅವರದ್ದನ್ನೇ ಕಟ್ಟುತ್ತೇನೆ. ಅಡ್ಡ ಬರುವ ಕಾಲಿಲ್ಲದ್ದರಿಂದ ಅದು ಥಟ್ಟನೆ ಮುಳುಗುತ್ತೆ. ಮೀನಿನ ಮುಂದೆ ಬಂದಾಗ ಕೋಲಿನ ತುದಿಯನ್ನು ಮೆಲ್ಲಗೆ ಎತ್ತಿ. ಮರಿ ಮೇಲಕ್ಕೆ ಈಜುತ್ತಿದೆ ಅಂತ ಟ್ರೌಟ್ ನಂಬೋದು ಆಗಲೇ.